ನಾನು ಹೊಡೆದುಹಾಕಿದ ಸಾಲು

ಕೊರೋನಾ ಕಾಲ ಮುಗಿದು ಜನ ಮತ್ತೆ ಸರ್ಕಾರಿ ಕಚೇರಿಗಳ ಮುಂದೆ ಮಾಸ್ಕ್ ಇಲ್ಲದೆ ನಿಲ್ಲತೊಡಗಿದ್ದ ವರ್ಷ. ನನ್ನ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ನಂಜನಗೂಡು ತಾಲ್ಲೂಕಿನ ಒಂದು ನಾಡಕಚೇರಿಗೆ ನನ್ನನ್ನು ಉಪ ತಹಸೀಲ್ದಾರನಾಗಿ ಹಾಕಿದರು. ಹೋಬಳಿಯ ಹೆಸರು ಬೇಡ. ಅಲ್ಲಿ ನಡೆದ ತಪ್ಪು ನನ್ನದು, ಊರಿನದಲ್ಲ. ನಾಡಕಚೇರಿ ಎಂದರೆ ಹೋಬಳಿ ಮಟ್ಟದ ಕಂದಾಯ ಕಚೇರಿ. ಜಾತಿ, ಆದಾಯ, ವಾಸಸ್ಥಳ, ವಿಧವಾ ವೇತನ, ಹೀಗೆ ಸಾಮಾನ್ಯರ ಬದುಕಿಗೆ ಬೇಕಾದ ಕಾಗದಗಳಿಗೆಲ್ಲ ಅರ್ಜಿ ಹಾಕುವುದು ಅಲ್ಲಿಯೇ.

ನನಗೊಂದು ಹೆಮ್ಮೆ ಇತ್ತು, ಈಗಲೂ ಸ್ವಲ್ಪ ಇದೆ. ಯಾರನ್ನೂ ನಾಳೆ ಬಾ ಎಂದು ಕಳಿಸಿದವನಲ್ಲ ನಾನು. ಅರ್ಜಿಯಲ್ಲಿ ಕಾಲಂ ಖಾಲಿ ಬಿಟ್ಟಿದ್ದರೆ ನಾನೇ ತುಂಬಿಬಿಡುತ್ತಿದ್ದೆ. ತಾಯಿಯ ಹೆಸರು ಬಿಟ್ಟಿದ್ದರೆ ಕೇಳಿ ಬರೆಯುತ್ತಿದ್ದೆ, ಧರ್ಮದ ಕಾಲಂ ಬಿಟ್ಟಿದ್ದರೆ ಕೇಳದೆಯೇ ಬರೆಯುತ್ತಿದ್ದೆ. 'ಸಿದ್ದಮಲ್ಲಪ್ಪ ಸಾಹೇಬರ ಹತ್ತಿರ ಹೋದರೆ ಒಂದೇ ಸಲಕ್ಕೆ ಕೆಲಸ ಆಗುತ್ತೆ' ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಹಿಗ್ಗುತ್ತಿದ್ದೆ. ಜನರಿಗೆ ಉಪಕಾರ ಮಾಡುವ ಅವಸರದಲ್ಲಿ ಅವರನ್ನು ಮಾತಾಡಿಸುವುದನ್ನೇ ಮರೆತಿದ್ದೇನೆ ಎಂದು ನನಗೆ ಆಗ ತಿಳಿದಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಮೈತ್ರಿ ಎಂಬ ಹುಡುಗಿ ಬಂದಳು. ಹೆಮ್ಮರಗಾಲದ ಕಡೆಯ ಹಳ್ಳಿಯವಳು, ಬಿ.ಎಸ್ಸಿ. ನರ್ಸಿಂಗ್ ಓದಿದವಳು. ತಂದೆ ಸಿದ್ದರಾಜು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸಗಾರ. ಹುಡುಗಿ ಅಖಿಲ ಭಾರತ ಮಟ್ಟದ ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಆಫೀಸರ್ ಹುದ್ದೆಗೆ ಪರಿಶಿಷ್ಟ ಜಾತಿಯ ಮೀಸಲಾತಿಯಲ್ಲಿ ಆಯ್ಕೆಯಾಗಿದ್ದಳು. ಎರಡು ವಾರದೊಳಗೆ ದಾಖಲೆ ಪರಿಶೀಲನೆ. ಅಂದು ಜಾತಿ ಪ್ರಮಾಣ ಪತ್ರ ಸರಿಯಾಗಿ ಕೈಯಲ್ಲಿಲ್ಲದಿದ್ದರೆ ಹುದ್ದೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ, ಮನವಿ ಗಿನವಿ ಏನೂ ನಡೆಯುವುದಿಲ್ಲ.

ಇಂಥ ಹುದ್ದೆಗೆ ಎರಡು ಕಾಗದ ಬೇಕು. ಒಂದು, ನಮ್ಮ ರಾಜ್ಯದ ಕಂಪ್ಯೂಟರಿನಿಂದ ಬರುವ ಜಾತಿ ಪ್ರಮಾಣ ಪತ್ರ. ಇನ್ನೊಂದು, ಕೇಂದ್ರ ಸರ್ಕಾರದ್ದೇ ಆದ ಒಂದು ಇಂಗ್ಲಿಷ್ ನಮೂನೆ. ಅದನ್ನು ಕಾಗದದ ಮೇಲೆ ತುಂಬಿ ತಹಸೀಲ್ದಾರರು ಸಹಿ ಹಾಕಿ ದುಂಡು ಮೊಹರು ಒತ್ತಬೇಕು. ಆ ನಮೂನೆ ತಾಲ್ಲೂಕು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಸಿಗುತ್ತಿತ್ತು. ನನ್ನ ಮೇಜಿನ ಡ್ರಾಯರಿನಲ್ಲೂ ಅದರದೇ ಒಂದು ಕಟ್ಟು ಇರುತ್ತಿತ್ತು. ಹುಡುಗಿಯ ಮುಖ ನೋಡಿ ನನಗೆ ನನ್ನ ಮಗಳ ನೆನಪಾಯಿತು. ಗ್ರಾಮ ಲೆಕ್ಕಿಗರ ವರದಿ ಅಂದೇ ತರಿಸಿ, ತಾಲ್ಲೂಕು ಕಚೇರಿಗೆ ನಾನೇ ಫೋನ್ ಮಾಡಿ, ಬುಧವಾರ ಸಂಜೆಗೆ ಎರಡೂ ಕಾಗದ ಅವಳ ಕೈಗಿತ್ತೆ. 'ಹೋಗಿ ಬಾರಮ್ಮ, ನಮ್ಮ ತಾಲ್ಲೂಕಿನ ಹೆಸರು ಉಳಿಸು' ಎಂದು ದೊಡ್ಡ ಮಾತನ್ನೂ ಆಡಿದೆ.

ಶುಕ್ರವಾರ ಬಾಗಿಲು ತೆರೆಯುವ ಹೊತ್ತಿಗೆ ಅಪ್ಪ ಮಗಳು ಇಬ್ಬರೂ ನಿಂತಿದ್ದರು. ಸಿದ್ದರಾಜು ರಾತ್ರಿ ಪಾಳಿ ಮುಗಿಸಿ ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದಿದ್ದ. ಕಾಗದವನ್ನು ನೀಟಾಗಿ ಮಡಿಸಿ ನನ್ನ ಮೇಜಿನ ಮೇಲಿಟ್ಟ.

"ಇದು ನಮ್ದಲ್ಲ ಸಾ" ಅಂದ.

ಹೆಸರು ತಪ್ಪಾಗಿದೆಯೇ ಎಂದು ನೋಡಿದೆ. ಹೆಸರು ಸರಿ, ಊರು ಸರಿ, ಆದಿ ಕರ್ನಾಟಕ ಎಂಬ ಜಾತಿಯೂ ಸರಿ. ಅವನು ಬೆರಳಿಟ್ಟಿದ್ದು ಧರ್ಮದ ಕಾಲಂ ಮೇಲೆ. ಅಲ್ಲಿ 'ಹಿಂದೂ' ಎಂದಿತ್ತು.

"ನಾವು ಬೌದ್ಧರು ಸಾ. ಸ್ಕೂಲ್ ಟಿ.ಸಿ.ಲೂ ಅಂಗೇ ಅದೆ."

"ಅಯ್ಯೋ, ಅದೊಂದು ಕಾಲಂ ಕಣಪ್ಪ. ಅದರಿಂದ ಏನಾಗಬೇಕು? ನಿನ್ನ ಮಗಳಿಗೆ ಬೇಕಾದದ್ದು ಜಾತಿ, ಅದು ಸರಿಯಾಗಿದೆಯಲ್ಲ" ಅಂದೆ.

ಸಿದ್ದರಾಜು ದನಿ ಏರಿಸಲಿಲ್ಲ. "ನಮ್ಮಪ್ಪ ಬುದ್ಧನ್ನ ಒಪ್ಕೊಂಡ ದಿನ ಒಂದ್ ಮಾತು ಯೋಳಿದ ಸಾ. ಇವತ್ತಿಂದ ಯಾರ್ ಎದ್ರುಗೂ ಎಗಲ ಮ್ಯಾಲಿನ್ ಟವಲ್ಲು ತಗ್ಯಲ್ಲ ಅಂದ. ಸಾಯೋಗಂಟ ತಗೀಲಿಲ್ಲ. ಅದ್ನ ನೀವು ಒಂದ್ ಕಾಲಂ ಅಂತೀರಲ್ಲಾ."

ನನಗೆ ಸಿಟ್ಟು ಬಂತು. ಉಪಕಾರ ಮಾಡಿದವನಿಗೆ ಬರುವ ಸಿಟ್ಟು. ಅಷ್ಟರಲ್ಲಿ ಮೈತ್ರಿ ತನ್ನ ಮೊಬೈಲ್ ಮುಂದೆ ಹಿಡಿದಳು. ಅವಳು ಮುಂಜಾಗ್ರತೆಗೆ ಎರಡೂ ಕಾಗದಗಳ ಫೋಟೋ ತೆಗೆದು ಆಸ್ಪತ್ರೆಗೆ ಇ-ಮೇಲ್ ಮಾಡಿದ್ದಳು, ಉತ್ತರ ಬಂದಿತ್ತು. ಅದರಲ್ಲಿ ಎರಡು ಆಕ್ಷೇಪಣೆ. ಮೊದಲನೆಯದು, ಪರೀಕ್ಷೆಯ ಅರ್ಜಿಯ ಜೊತೆ ಕೊಟ್ಟ ಶಾಲಾ ದಾಖಲೆಯಲ್ಲಿ ಧರ್ಮ ಬೌದ್ಧ ಎಂದಿದೆ, ಪ್ರಮಾಣ ಪತ್ರದಲ್ಲಿ ಹಿಂದೂ ಎಂದಿದೆ, ಎರಡೂ ತಾಳೆಯಾಗಬೇಕು. ಎರಡನೆಯದು, ಕೇಂದ್ರದ ನಮೂನೆಯಲ್ಲಿ ಸಾಲುಗಳನ್ನು ಹೊಡೆದುಹಾಕಲಾಗಿದೆ, ಪೂರ್ಣ ನಮೂನೆ ಸಲ್ಲಿಸಬೇಕು. ಎರಡನೆಯದನ್ನು ನಾನು ಮಸುಕು ಝೆರಾಕ್ಸ್ ಬಗ್ಗೆ ಯಾರೋ ಶಿಸ್ತುಗಾರ ಮಾಡಿದ ಕಿರಿಕಿರಿ ಎಂದುಕೊಂಡು ಬಿಟ್ಟುಬಿಟ್ಟೆ.

ಧರ್ಮ ಬದಲಿಸುವುದು ಒಂದು ನಿಮಿಷದ ಕೆಲಸ ಎಂದುಕೊಂಡು ಕಂಪ್ಯೂಟರ್ ಮುಂದೆ ಕೂತೆ. ಆಗ ನಮ್ಮ ಕಚೇರಿಯಲ್ಲಿದ್ದ ಪರದೆಯ ಕಥೆ ಹೀಗಿತ್ತು: ಪರಿಶಿಷ್ಟ ಜಾತಿ ಎಂದು ಒತ್ತಿದರೆ ಧರ್ಮದ ಜಾಗದಲ್ಲಿ ಹಿಂದೂ ಎಂದು ತಾನಾಗಿ ಬಂದು ಕೂರುತ್ತಿತ್ತು. ಬೌದ್ಧ ಎಂದು ಮೊದಲು ಒತ್ತಿದರೆ ಪರಿಶಿಷ್ಟ ಜಾತಿಗಳ ಪಟ್ಟಿಯೇ ಮಾಯವಾಗುತ್ತಿತ್ತು. ಮೂರು ಸಲ ಒತ್ತಿದೆ, ಮೂರು ಸಲವೂ ಅದೇ. ರಾಜಧಾನಿಯ ಸಹಾಯವಾಣಿಗೆ ಫೋನ್ ಮಾಡಿದೆ.

"ಅದು ಸಿಸ್ಟಮ್ಮೇ ಹಾಗಿದೆ ಸಾರ್. ಬದಲಾಯಿಸಬೇಕು ಅಂದರೆ ಜಿಲ್ಲೆಯಿಂದ ಪ್ರಸ್ತಾವನೆ ಬರಲಿ. ಕಮಿಟಿ ಮುಂದೆ ಇಡ್ತೀವಿ" ಎಂದರು.

ಕಮಿಟಿ ಎಂದರೆ ಆರು ತಿಂಗಳು ಎಂಬುದು ನನಗೆ ಗೊತ್ತು. ಮೈತ್ರಿಗೆ ಉಳಿದಿದ್ದು ಹತ್ತು ದಿನ. ಕೈಯಲ್ಲೇ ಬರೆದುಕೊಡೋಣವೆಂದರೆ, ಕಂಪ್ಯೂಟರ್ ಪತ್ರಕ್ಕೆ ವ್ಯತ್ಯಾಸವಾಗುವಂತೆ ಯಾವ ಪತ್ರವನ್ನೂ ಕೈಬರಹದಲ್ಲಿ ಕೊಡಬಾರದು, ಕೊಟ್ಟವರ ಮೇಲೆ ಶಿಸ್ತುಕ್ರಮ ಎಂದು ನಮಗೆ ಸುತ್ತೋಲೆ ಇತ್ತು. ಆಸ್ಪತ್ರೆಗೂ ಫೋನ್ ಮಾಡಿದೆ. ಅಲ್ಲಿಯ ಸೆಕ್ಷನ್ ಆಫೀಸರ್ ಇಂಗ್ಲಿಷಿನಲ್ಲಿ ತಾಳ್ಮೆಯಿಂದಲೇ ಮಾತಾಡಿದರು. ಅವರು ಹೇಳಿದ್ದರ ತಾತ್ಪರ್ಯ ಇಷ್ಟು: "ಪರಿಶಿಷ್ಟ ಜಾತಿಯ ಪಟ್ಟಿ ರಾಷ್ಟ್ರಪತಿಗಳದು, ನಿಮ್ಮ ರಾಜ್ಯದ ಕಂಪ್ಯೂಟರಿನದಲ್ಲ. ಅದು ಏನು ಮುದ್ರಿಸುತ್ತದೆ ಎಂಬುದಕ್ಕೂ ನಮಗೂ ಸಂಬಂಧವಿಲ್ಲ. ನಮ್ಮ ನಮೂನೆ ಪೂರ್ತಿ ತುಂಬಿ ಕಳಿಸಿ."

ಸಂವಿಧಾನದ 341ನೇ ವಿಧಿಯಂತೆ ಯಾವ ಜಾತಿಗಳು ಪರಿಶಿಷ್ಟ ಎಂದು ರಾಷ್ಟ್ರಪತಿಗಳು ಆದೇಶ ಹೊರಡಿಸುತ್ತಾರೆ, ಅದನ್ನು ತಿದ್ದುವ ಅಧಿಕಾರ ಸಂಸತ್ತಿಗೆ ಮಾತ್ರ. ಆದರೆ ಇಂಥವರು ಆ ಜಾತಿಯವರು ಹೌದು ಎಂದು ಬರೆದುಕೊಡಬೇಕಾದವನು ರಾಜ್ಯದ ನೌಕರ, ಅಂದರೆ ನಾನು, ನನ್ನ ಮೇಲಿನ ತಹಸೀಲ್ದಾರರು. ಕೇಂದ್ರ ತನ್ನ ನಿಯಮ ಬಿಡದು, ರಾಜ್ಯ ತನ್ನ ಪರದೆ ಬಿಡದು. ನಡುವೆ ಒಂದು ಹುಡುಗಿ ಪ್ಲಾಸ್ಟಿಕ್ ಫೈಲು ಎದೆಗವಚಿಕೊಂಡು ನಮ್ಮ ಬೆಂಚಿನ ಮೇಲೆ ಕೂತಿದ್ದಳು.

ನಾನು ನನ್ನ ಹಳೆಯ ಚಾಳಿಗೇ ಇಳಿದೆ. ಸುಲಭದ ದಾರಿ ಹೇಳಿಕೊಟ್ಟೆ. ಶಾಲಾ ದಾಖಲೆಯಲ್ಲಿ ಬೌದ್ಧ ಎಂದು ತಪ್ಪಾಗಿ ನಮೂದಾಗಿದೆ, ನಾವು ಹಿಂದೂಗಳೇ ಎಂದು ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿಕೊಂಡು ಬನ್ನಿ, ಕೆಲಸಕ್ಕೆ ಸೇರಿದ ಮೇಲೆ ಯಾವ ದೇವರಿಗಾದರೂ ಕೈಮುಗಿಯಿರಿ, ಯಾರು ಕೇಳುತ್ತಾರೆ ಎಂದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ. ಸಿದ್ದರಾಜು ನೆಲ ನೋಡುತ್ತ ಕೂತ. ಮಗಳ ಕೆಲಸ ಒಂದು ಕಡೆ, ಅಪ್ಪನ ಮಾತು ಇನ್ನೊಂದು ಕಡೆ. ಅವನ ಕಷ್ಟ ಆಗ ನನಗೆ ಮೊದಲ ಸಲ ಕಂಡಿತು. ಮಾತಾಡಿದವಳು ಮೈತ್ರಿ.

"ಸಾರ್, ಬೌದ್ಧರು ಅಂತ ಬರೆದ್ರೆ ನಮ್ ಜಾತಿ ಹೋಗುತ್ತೆ ಅನ್ನುತ್ತೆ ನಿಮ್ ಕಂಪ್ಯೂಟರ್ರು. ಅದು ನಿಜಾನಾ? ನಮ್ಮೂರಿಗೆ ಬಂದು ನೋಡಿ. ಹೋಗಿದ್ರೆ ನಾನೇ ಅರ್ಜಿ ವಾಪಸ್ ತಗೋತೀನಿ."

ಮೂವತ್ತು ವರ್ಷಕ್ಕೂ ಮಿಕ್ಕಿದ ಸರ್ವಿಸಿನಲ್ಲಿ ನನ್ನನ್ನು ಯಾರೂ ಹಾಗೆ ಸವಾಲಿಗೆ ಕರೆದಿರಲಿಲ್ಲ. ಕೋಪಕ್ಕಿಂತ ನಾಚಿಕೆ ಹೆಚ್ಚಾಯಿತು. "ನಾಳೆ ಬರ್ತೀನಿ ಕಣಮ್ಮ, ಮಹಜರು ಮಾಡೋಣ" ಅಂದೆ.

ಮಹಜರು ಎಂದರೆ ಸ್ಥಳಕ್ಕೇ ಹೋಗಿ, ಊರಿನ ಪಂಚರನ್ನು ಕೂರಿಸಿ, ಅವರು ಕಂಡದ್ದು ಬಲ್ಲದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವ ಕ್ರಮ. ಬರೆದದ್ದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಬೇಕು, ಅವರು ಸರಿಯೆಂದು ಒಪ್ಪಿದ ಮೇಲೇ ಸಹಿ. ಕಂಪ್ಯೂಟರ್ ಬಂದ ಮೇಲೆ ನಾವು ಅದನ್ನು ಕಚೇರಿಯಲ್ಲೇ ಕೂತು ಬರೆದು ಸಹಿ ಮಾತ್ರ ತರಿಸುವುದು ರೂಢಿಯಾಗಿತ್ತು. ಈ ಸಲ ನಾನೇ ಹೋದೆ, ಗ್ರಾಮ ಲೆಕ್ಕಿಗರನ್ನೂ ಕರೆದುಕೊಂಡು.

ಸಿದ್ದರಾಜುವಿನ ಮನೆಯ ಜಗುಲಿಯ ಮೇಲೆ ಪಂಚರು ಸೇರಿದರು. ಅವರಲ್ಲಿ ಹಿರಿಯರು ಗುರುಮಲ್ಲಪ್ಪ. ಹಣೆ ತುಂಬ ವಿಭೂತಿ, ಮಠದ ಜೊತೆ ಒಡನಾಟವಿದ್ದ ಲಿಂಗಾಯತ ರೈತ, ನಮ್ಮವರೇ. ಸಿದ್ದರಾಜುವಿನ ಅಪ್ಪ ಇವರ ಜಮೀನಿನಲ್ಲಿ ದುಡಿದವನು. ಇವರ ಹೊಲದ ಬದಿಗೇ ಸಿದ್ದರಾಜುವಿನ ಒಂದು ಎಕರೆ ತುಂಡು ಇತ್ತು. ಸಿದ್ದರಾಜು ಪಾಳಿಯಲ್ಲಿದ್ದಾಗ ಅವನ ಗದ್ದೆಗೆ ನೀರು ತಿರುಗಿಸುತ್ತಿದ್ದವರು ಇವರೇ ಎಂದು ಆಮೇಲೆ ತಿಳಿಯಿತು. ಅಂದರೆ ವೈರವೇನೂ ಇರಲಿಲ್ಲ. ಇವರು ಯಾವ ಧರ್ಮದವರು, ಯಾವ ಜಾತಿಯವರು ಎಂದು ನಾನು ಕೇಳಿದೆ. ಗುರುಮಲ್ಲಪ್ಪ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು.

"ದಿಟ ಯೋಳ್ತೀನಿ, ಬರ್ಕೊಳ್ಳಿ ಸ್ವಾಮಿ. ಇವ್ರು ಬುದ್ಧನ್ನ ನಂಬಿ ಇಪ್ಪತ್ತೈದು ವರ್ಸದ ಮ್ಯಾಲಾಯ್ತು. ಮನೇಲಿ ಬ್ಯಾರೆ ದ್ಯಾವ್ರಿಲ್ಲ. ಇವ್ನ ಮದ್ವೇನೂ ಬುದ್ಧನ್ ಪಟದ್ ಮುಂದ್ಗಡೇನೇ ಆಗಿದ್ದು. ಜಾತಿ ಕೇಳಿದ್ರಲ್ಲಾ... ನಾನು ಇವ್ನ ಜಗುಲೀಲಿ ಕೂತ್ಕತೀನಿ, ಬೀಡಿ ಸೇದ್ತೀನಿ. ಇವತ್ತಿನ್ ಗಂಟ ಈ ಮನೇಲಿ ಒಂದ್ ಲೋಟ ನೀರು ಕುಡ್ದಿಲ್ಲ. ಅವ್ರು ದ್ಯಾವ್ರ ಬದ್ಲಾಯಿಸಿದ್ರು, ಊರು ಬದ್ಲಾಗ್ಲಿಲ್ಲ. ಜಾತಿ ಎಲ್ಲೋಯ್ತದೆ?"

ಒಂದಕ್ಷರ ಬಿಡದೆ ಬರೆದುಕೊಂಡೆ. ಬೌದ್ಧರಾದವರನ್ನು ಪಟ್ಟಿಯೊಳಗೆ ಏಕೆ ಉಳಿಸಿಕೊಳ್ಳಬೇಕು ಎಂಬುದನ್ನು ಇಷ್ಟು ಚೊಕ್ಕವಾಗಿ ನಾನು ಯಾವ ಸುತ್ತೋಲೆಯಲ್ಲೂ ಓದಿರಲಿಲ್ಲ. ಆಮೇಲೆ ನಿಯಮದಂತೆ ಗಟ್ಟಿಯಾಗಿ ಓದಿ ಹೇಳಿದೆ. ತಮ್ಮ ಮಾತನ್ನು ಇನ್ನೊಬ್ಬರ ಬಾಯಲ್ಲಿ, ಸರ್ಕಾರಿ ರಾಗದಲ್ಲಿ ಕೇಳಿ ಗುರುಮಲ್ಲಪ್ಪನವರ ಮುಖ ಇಳಿಯಿತು.

"ಅಂಗೇ ಬರ್ದುಬುಟ್ರಾ?" ಅಂದರು.

"ನೀವು ಹೇಳಿದ್ದೇ ಬರೆದಿದೀನಿ. ತಪ್ಪಿದ್ರೆ ಹೇಳಿ, ಹೊಡೆದುಹಾಕೋಣ."

"ತಪ್ಪೇನಿಲ್ಲ" ಅಂದರು. ಆಮೇಲೆ ಅವರು ನನ್ನತ್ತ ಬಾಗಿ, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಪಿಸುಗುಟ್ಟಿದರು: "ಸ್ವಾಮಿ, ಈಗ ನಾನು ಇಲ್ಲಿ ನೀರು ಕುಡುದ್ರೆ ಈ ಮಾಜರು ಸುಳ್ಳಾಗ್ಬುಡ್ತದಾ? ಮಗೀನ್ ಕೆಲ್ಸಕ್ಕೆ ಏನಾರ ತೊಂದ್ರೆ ಆದಾತು."

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು, ಎರಡನ್ನೂ ತಡೆದುಕೊಂಡು ಅಧಿಕಾರಿಯ ದನಿಯಲ್ಲೇ ಹೇಳಿದೆ: "ಮೊದಲು ಸಹಿ ಮಾಡಿ. ಸಹಿ ಮಾಡೋವರೆಗಿನ ಸಂಗತಿಗೆ ಮಾತ್ರ ಮಹಜರು."

ಅವರು ನಿಧಾನವಾಗಿ ಸಹಿ ಮಾಡಿದರು. ಮೈತ್ರಿಯ ತಾಯಿ ಒಳಗಿನಿಂದ ನೀರಲ್ಲ, ಚಹಾನೇ ತಂದರು. ಗುರುಮಲ್ಲಪ್ಪ ಕುಡಿದು, "ಸಕ್ರೆ ಕಮ್ಮಿ ಆಯ್ತು ಕನವ್ವ" ಎಂದು ಲೋಟ ಕೆಳಗಿಟ್ಟರು. ಸಿದ್ದರಾಜು ಎದ್ದು ಮನೆಯ ಹಿಂದಕ್ಕೆ ಹೋದವನು ಬಹಳ ಹೊತ್ತು ಬರಲಿಲ್ಲ.

ಇನ್ನೊಂದು ದಾಖಲೆ ಬಾಕಿ ಇತ್ತು. ಕುಟುಂಬ ಮೂಲದಲ್ಲಿ ಆ ಜಾತಿಯದೇ ಎಂಬುದಕ್ಕೆ ಹಳೆಯ ಬರವಣಿಗೆ ಬೇಕು. ಸಿದ್ದರಾಜುವಿನ ಅಪ್ಪ ಮೂಲತಃ ತಿ. ನರಸೀಪುರ ತಾಲ್ಲೂಕಿನವನು, ಮೂಗೂರಿನ ಕಡೆಯಿಂದ ಇಲ್ಲಿಗೆ ಮನೆ ಅಳಿಯನಾಗಿ ಬಂದವನು. ಅಪ್ಪ ಓದಿಲ್ಲ ಸಾ, ಅಲ್ಲಿ ಏನೂ ಸಿಗಲ್ಲ ಎಂದು ಸಿದ್ದರಾಜು ಹೇಳುತ್ತಲೇ ಇದ್ದ. ಸೋಮವಾರ ರಜೆ ಹಾಕಿ ನನ್ನ ಸ್ಕೂಟರಿನ ಹಿಂದೆ ಕೂತು ಬಂದ. ಅಲ್ಲಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಗೆದ್ದಲಿಗೆ ಹೆದರಿ ಟ್ರಂಕಿನಲ್ಲಿಟ್ಟಿದ್ದ ದಾಖಲಾತಿ ಪುಸ್ತಕಗಳನ್ನು ಒಂದೊಂದಾಗಿ ಬಿಡಿಸಿದರು. ಮಧ್ಯಾಹ್ನದ ಬಿಸಿಯೂಟದ ಗಂಟೆ ಹೊಡೆಯುವ ಹೊತ್ತಿಗೆ ಹೆಸರು ಸಿಕ್ಕಿತು. ಅಪ್ಪನ ಹೆಸರು, ಊರು, ಜಾತಿಯ ಕಡೆ 'ಆ.ಕ.' ಎಂಬ ಎರಡಕ್ಷರ. ಮೂರನೇ ತರಗತಿಗೆ ಶಾಲೆ ಬಿಟ್ಟಿದ್ದ. ಬಿಟ್ಟ ಕಾರಣದ ಜಾಗದಲ್ಲಿ 'ದನ ಕಾಯಲು' ಎಂದಿತ್ತು.

"ನಮ್ಮಪ್ಪ ಇಸ್ಕೂಲ್ಗೆ ಓಗಿದ್ನಾ ಸಾ?" ಎಂದು ಸಿದ್ದರಾಜು ಮತ್ತೆ ಮತ್ತೆ ಕೇಳಿದ. "ಒಂದ್ ದಿನಾನೂ ಯೋಳ್ಲೇ ಇಲ್ವಲ್ಲ." ಆ ಸಾಲಿನ ಮೇಲೆ ಬೆರಳಾಡಿಸಿ ಫೋಟೋ ತೆಗೆದುಕೊಂಡ. ದೃಢೀಕೃತ ನಕಲು ನನ್ನ ಫೈಲಿಗೆ ಸೇರಿತು, ಆ ಫೋಟೋ ಅವನ ಫೋನಿನಲ್ಲಿ ಈಗಲೂ ಇದೆ.

ಮಂಗಳವಾರ ಫೈಲು ಹಿಡಿದು ನಂಜನಗೂಡಿನಲ್ಲಿ ತಹಸೀಲ್ದಾರ್ ಮೇಡಂ ಎದುರು ಕೂತೆ. ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವರು ಅಷ್ಟೆ, ಆದರೆ ಕಾಗದ ಓದುವಾಗ ಅವರ ಹುಬ್ಬು ಗಂಟಿಕ್ಕಿತೆಂದರೆ ನನ್ನಂಥ ಹಳಬರಿಗೂ ಬೆವರು. ಮಹಜರನ್ನು ಎರಡು ಸಲ ಓದಿದರು.

"ನನಗೆ ಸಹಿ ಹಾಕೋಕೆ ಮನಸ್ಸಿದೆ ಸಿದ್ದಮಲ್ಲಪ್ಪನವರೇ. ಆದರೆ ಯಾವ ಆಧಾರದ ಮೇಲೆ? ಸುತ್ತೋಲೆಗೆ ವಿರುದ್ಧ ಹೋಗೋದಾದ್ರೆ ಅದಕ್ಕಿಂತ ದೊಡ್ಡದೊಂದು ನನ್ನ ಕೈಯಲ್ಲಿರಬೇಕು."

ಆಸ್ಪತ್ರೆಯ ಎರಡೂ ಆಕ್ಷೇಪಣೆಗಳನ್ನು ಓದಿದವರು ಕೇಂದ್ರದ ನಮೂನೆ ಕೇಳಿದರು. ನನ್ನ ಡ್ರಾಯರಿನ ಕಟ್ಟಿನಿಂದ ತಂದಿದ್ದ ಒಂದು ಹಾಳೆ ಕೊಟ್ಟೆ. ಅವರು ಕಂಪ್ಯೂಟರಿನಲ್ಲಿ ಅದೇ ನಮೂನೆಯ ಮೂಲ ಪ್ರತಿ ತೆರೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡತೊಡಗಿದರು. ಆ ನಮೂನೆಯಲ್ಲಿ ಯಾವ ಯಾವ ಆದೇಶ, ಕಾಯಿದೆಗಳ ಪ್ರಕಾರ ಈ ಜಾತಿ ಪರಿಶಿಷ್ಟ ಎಂಬ ಉದ್ದನೆಯ ಪಟ್ಟಿಯಿದೆ. ಮುಂಬಯಿ ಪುನರ್ವಿಂಗಡಣೆ, ಪಂಜಾಬ್, ಹಿಮಾಚಲ, ಪಾಂಡಿಚೇರಿ, ಹೀಗೆ ಒಂದರ ಕೆಳಗೊಂದು. ನಮಗೆ ಅನ್ವಯಿಸದ್ದನ್ನು ಹೊಡೆದುಹಾಕುವುದು ಕ್ರಮ. ನಮ್ಮ ಹಾಳೆಗಳಲ್ಲಿ ಅವು ಆಗಲೇ ಹೊಡೆದುಹಾಕಿಯೇ ಬರುತ್ತಿದ್ದವು, ಹೊಡೆದ ಪ್ರತಿಯನ್ನೇ ಝೆರಾಕ್ಸ್ ಮಾಡಿದ್ದರಿಂದ. ಎಷ್ಟು ಅನುಕೂಲ ಎಂದು ನಾವೆಲ್ಲ ಖುಷಿಯಾಗಿದ್ದೆವು.

ಮೇಡಂ ಒಂದು ಸಾಲಿನ ಮೇಲೆ ಪೆನ್ನಿಟ್ಟರು. "ಇದನ್ನ ಯಾರು ಹೊಡೆದಿದ್ದು? ಸಂವಿಧಾನ ಪರಿಶಿಷ್ಟ ಜಾತಿಗಳ ಆದೇಶ ತಿದ್ದುಪಡಿ ಕಾಯಿದೆ, 1990. ಬೌದ್ಧರನ್ನ ಪಟ್ಟಿಗೆ ಸೇರಿಸಿದ ಕಾಯಿದೆ ಇದೇ ಅಲ್ಲವಾ?"

ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದೆ. ಸ್ಕೇಲ್ ಇಟ್ಟು ಎಳೆದ ನೇರ ಗೆರೆಗಳು. ಅಂಚಿನಲ್ಲಿ, ನಕಲಿನ ನಕಲಾಗಿ ಸವೆದರೂ ಗುರುತು ಸಿಗುವಂತೆ, ಒಂದು ಕಿರುಸಹಿ. ಸರ್ಕಾರಿ ಕಾಗದದಲ್ಲಿ ಯಾವುದನ್ನು ಹೊಡೆದರೂ ಹೊಡೆದವನು ಪಕ್ಕದಲ್ಲಿ ಕಿರುಸಹಿ ಹಾಕಬೇಕು ಎಂಬುದು ಮೊದಲ ಪಾಠ. ಆ ಪಾಠವನ್ನು ಆಗಷ್ಟೇ ಕಲಿತಿದ್ದ ಉತ್ಸಾಹದ ಗುಮಾಸ್ತನ ಸಹಿ ಅದು. 'ಸಿ' ಅಕ್ಷರಕ್ಕೆ ಬಾಲ ಸುತ್ತುವ ಶೋಕಿ ನನಗೆ ಆಗ ಇತ್ತು.

ಎಲ್ಲ ನೆನಪಾಯಿತು. ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿದ ಹೊಸದರಲ್ಲಿ ಇದೇ ತಾಲ್ಲೂಕು ಕಚೇರಿಯಲ್ಲಿ ನನಗೆ ಪ್ರಮಾಣ ಪತ್ರದ ಟೇಬಲ್ಲು ಕೊಟ್ಟಿದ್ದರು. ಹೊಸ ನಮೂನೆ ಬಂದಿತ್ತು. ಹೊರ ರಾಜ್ಯದ್ದೆಲ್ಲ ಹೊಡೆದು ಒಂದು ಮಾದರಿ ಮಾಡಿಡಯ್ಯಾ ಎಂದು ಮೇಲಿನವರು ಹೇಳಿದರು. ನಾನು ಸ್ಕೇಲ್ ಹಿಡಿದು ಪಟಪಟನೆ ಎಳೆದೆ. ಆ ಸಾಲೂ ಪಂಜಾಬಿನದೋ ಹಿಮಾಚಲದ್ದೋ ಎಂದುಕೊಂಡಿರಬೇಕು, ಓದಲೇ ಇಲ್ಲ. ಆ ಮಾದರಿಯನ್ನು ಎದುರಿನ ಅಂಗಡಿಗೆ ಕೊಟ್ಟವನೂ ನಾನೇ, ಜನರಿಗೆ ಅನುಕೂಲವಾಗಲಿ ಎಂದು.

"ನಾನೇ ಮೇಡಂ" ಅಂದೆ. ಇಷ್ಟು ದಿನ ಪರದೆಯನ್ನು ಬೈದುಕೊಂಡು ತಿರುಗಿದ್ದೆ. ಪರದೆ ಹುಟ್ಟುವ ಮೊದಲೇ ಆ ಕೆಲಸವನ್ನು ನಾನು ಒಂದು ಸ್ಕೇಲಿನಿಂದ ಮಾಡಿ ಮುಗಿಸಿದ್ದೆ. ಸಂಸತ್ತು ಕೂತು ಕೊಟ್ಟದ್ದನ್ನು ನಂಜನಗೂಡಿನ ಒಬ್ಬ ಗುಮಾಸ್ತ ಹೊಡೆದುಹಾಕಿದ್ದ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಸರಿ, ಆಧಾರ ಸಿಕ್ಕಿತಲ್ಲ" ಎಂದು ಹೊಸ ನಮೂನೆ ಮುದ್ರಿಸಿಕೊಂಡರು. ಅನ್ವಯಿಸದ ಸಾಲುಗಳನ್ನು ಒಂದೊಂದಾಗಿ ಓದಿ ಓದಿ ಹೊಡೆದರು, ಪ್ರತಿಯೊಂದಕ್ಕೂ ಕಿರುಸಹಿ. 1990ರ ಸಾಲನ್ನು ಉಳಿಸಿದರು. ಧರ್ಮ ಬೌದ್ಧ, ಜಾತಿ ಆದಿ ಕರ್ನಾಟಕ ಎಂದು ಕೈಯಲ್ಲೇ ಬರೆದರು. ಫೈಲಿನ ಟಿಪ್ಪಣಿಯಲ್ಲಿ, ಪತ್ರವನ್ನು ಹೇಗೆ ಕೊಡಬೇಕೆಂಬುದನ್ನು ಸುತ್ತೋಲೆ ಹೇಳಬಹುದು, ಯಾರು ಪರಿಶಿಷ್ಟರು ಎಂಬುದನ್ನು ಹೇಳುವ ಅಧಿಕಾರ ಅದಕ್ಕಿಲ್ಲ ಎಂದು ಎರಡೇ ವಾಕ್ಯ ಬರೆದು ಸಹಿ ಹಾಕಿದರು. ಅವರ ಮುಂದೆ ಇನ್ನೂ ಇಪ್ಪತ್ತೈದು ವರ್ಷದ ಸರ್ವಿಸಿತ್ತು. "ಶಿಫಾರಸು ಮಾಡಿದವನು ನಾನು ಅಂತ ಕೆಳಗೆ ಬರೀತೀನಿ ಮೇಡಂ, ಏನಾದರೂ ಬಂದರೆ ನನ್ನ ಮೇಲೆ ಬರಲಿ" ಅಂದೆ. "ಬರೀರಿ. ಆದರೆ ಈ ಸಲ ಓದಿ ಸಹಿ ಮಾಡಿ" ಎಂದು ನಕ್ಕರು. ಆ ಮಾತಿಗೆ ನಾನು ಅರ್ಹನಿದ್ದೆ.

ಸಿದ್ದರಾಜು ಆ ಹಾಳೆಯನ್ನು ಮಗಳಿಂದ ಓದಿಸಿ ಕೇಳಿದ. ಈ ಸಲ ಮಡಿಸಲಿಲ್ಲ. ಎರಡು ರಟ್ಟಿನ ನಡುವೆ ಇಟ್ಟುಕೊಂಡು ಹೋದ.

ಪರಿಶೀಲನೆಯ ದಿನ ನಾನು ಕಚೇರಿಯಲ್ಲಿ ಕೂತಿದ್ದೆನೇ ಹೊರತು ಕೆಲಸ ಮಾಡಲಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಫೋನ್ ಬಂತು. "ಒಪ್ಕೊಂಡ್ರು ಸಾರ್. ಒಂದೇ ಒಂದು ಪ್ರಶ್ನೆ ಕೇಳಿದ್ರು, ನಿಮ್ಮ ತಹಸೀಲ್ದಾರ್ ಅಕ್ಷರ ಇಷ್ಟು ಚೆನ್ನಾಗಿದೆಯಲ್ಲ ಅಂತ." ಮೈತ್ರಿ ನಗುತ್ತಿದ್ದಳು. ನಾನು ಪಕ್ಕದ ಹೋಟೆಲಿನಿಂದ ಇಡೀ ಕಚೇರಿಗೆ ಮೈಸೂರುಪಾಕು ತರಿಸಿದೆ.

ಎರಡು ತಿಂಗಳಿಗೆ ನಿರೀಕ್ಷಿಸಿದ್ದ ನೋಟಿಸ್ ಬಂತು, ಸುತ್ತೋಲೆ ಮೀರಿ ಕೈಬರಹದ ಪತ್ರ ಏಕೆ ಎಂದು, ಮೇಡಂಗೂ ನನಗೂ. ನನ್ನ ಉತ್ತರದಲ್ಲಿ ಕಾಯಿದೆ ಉಲ್ಲೇಖಿಸಿ, ಮಹಜರಿನ ನಕಲು ಲಗತ್ತಿಸಿ, ಆ ಗೆರೆ ಎಳೆದವನು ನಾನೇ ಎಂಬುದನ್ನೂ ಬರೆದೆ. ಬರೆಯಬೇಡಿ ಎಂದು ಗೆಳೆಯರು ಹೇಳಿದರು. ನಿವೃತ್ತಿಗೆ ಕೆಲವೇ ದಿನ ಇದ್ದಾಗ, ಮುಂದಿನ ಕ್ರಮ ಅಗತ್ಯವಿಲ್ಲ ಎಂಬ ಒಂದು ಸಾಲಿನ ಪತ್ರ ಇಬ್ಬರಿಗೂ ಬಂತು. ಪರದೆ ಆಮೇಲೆ ಏನಾಯಿತೋ, ನಾನು ಇರುವವರೆಗೆ ಹಾಗೇ ಇತ್ತು. ಆದರೆ ಮೇಡಂ ಬರೆದ ಟಿಪ್ಪಣಿಯ ನಕಲನ್ನು ಗ್ರಾಮ ಲೆಕ್ಕಿಗರೆಲ್ಲ ಇಟ್ಟುಕೊಂಡಿದ್ದರು.

ನಿವೃತ್ತಿಯ ದಿನ ಹಾರ, ಶಾಲು ಎಲ್ಲ ಮುಗಿದ ಮೇಲೆ ತಾಲ್ಲೂಕು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಗೆ ಹೋದೆ. ಹೊಡೆಯದ ಹೊಸ ಮೂಲ ಪ್ರತಿಯನ್ನು ಆ ಮಂಗಳವಾರವೇ ಅಲ್ಲಿ ಕೊಟ್ಟಿದ್ದೆ, ಪ್ಲಾಸ್ಟಿಕ್ ಕವರಿನಲ್ಲಿ ಉಳಿದಿದ್ದ ಹಳೆಯ ಮಾದರಿ ಹಾಳೆಯನ್ನು ಈಗ ಕೇಳಿ ಪಡೆದೆ. ಇದರಿಂದ ಇಷ್ಟು ವರ್ಷದಲ್ಲಿ ಎಷ್ಟು ಪ್ರತಿ ಹೋಗಿರಬಹುದು ಎಂದು ಅಂಗಡಿಯವನನ್ನು ಕೇಳಿದೆ.

"ಅದ್ನ ಯಾರ್ ಎಣಿಸ್ತಾರೆ ಸಾ?" ಅಂದ.

ಅವನ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಇದು ನಮ್ದಲ್ಲ ಸಾ ಎಂದು ಮಡಿಸಿದ ಕಾಗದವನ್ನು ವಾಪಸ್ ತಂದು ನನ್ನ ಮೇಜಿನ ಮೇಲಿಟ್ಟವನು ಸಿದ್ದರಾಜು ಒಬ್ಬನೇ. ಉಳಿದವರು ಮಡಿಸಿ ಜೇಬಿಗಿಟ್ಟುಕೊಂಡು, ನನಗೆ ಕೈಮುಗಿದು, ಮನೆಗೆ ಹೋಗಿಬಿಟ್ಟರು. ಒಂದೇ ಸಲಕ್ಕೆ ಕೆಲಸ ಮಾಡಿಕೊಡುವ ಸಾಹೇಬ ಎಂಬ ಹೆಸರು ನನಗೆ ಬಂದದ್ದು ಅವರಿಂದ.

ಈಗ ವಾರಕ್ಕೆ ಎರಡು ದಿನ ಅದೇ ಅಂಗಡಿಯ ಬೆಂಚಿನ ಮೇಲೆ ಕೂತು ಬಂದವರ ಅರ್ಜಿ ತುಂಬಿಕೊಡುತ್ತೇನೆ. ಪಾಳಿ ಮುಗಿಸಿದ ಸಿದ್ದರಾಜು ಕೆಲವೊಮ್ಮೆ ಬೈಕ್ ನಿಲ್ಲಿಸಿ, "ಎಲ್ಲೂ ಗೆರೆ ಎಳ್ದಿಲ್ಲ ತಾನೆ ಸಾ?" ಎಂದು ಎಲ್ಲರೆದುರು ಕೇಳಿ ನಗುತ್ತಾನೆ. ಎಳೆದಿಲ್ಲ ಕಣಯ್ಯಾ, ನಡಿ ಎಂದು ಗದರುತ್ತೇನೆ. ಅವನು ಹೋದ ಮೇಲೆ ಎದುರಿಗೆ ಕೂತವರ ಅರ್ಜಿಯಲ್ಲಿ ಆ ಕಾಲಂ ಬರುತ್ತದೆ. ಪೆನ್ನು ಎತ್ತಿ ಹಿಡಿದು ಕೇಳುತ್ತೇನೆ: "ಇಲ್ಲಿ ಏನು ಬರೀಲಿ? ನೀವೇ ಹೇಳಿ." ಅವರು ಹೇಳುವವರೆಗೆ ಕಾಯುತ್ತೇನೆ.